ಅಂಗಿ ಅವರದು, ನೀರು ನಮ್ಮದು

“ಏಯ್ ಮುದಿ ಗೂಬೆ, ಕಣ್ಣು ಹೋಗಿದ್ಯಾ ನಿಂಗೆ? ಅಂಗಿ ನೋಡೇ, ಅಂಗಿ! ಹಸಿರು! ಹಸಿರು ಅಂದ್ರೆ ಯಾರದು?”

“ಆ ಕಡೆಯವ್ರದು ಸಾಹೇಬ್ರೇ.”

“ಗೊತ್ತಿದ್ದೂ ಎಳ್ಕೊಂಡು ಬರ್ತೀಯಲ್ಲೇ ನಮ್ ದಡಕ್ಕೆ, ನಿಮ್ಮಪ್ಪಂದಾ ಹೆಣ? ದೂಡೇ ಆ ಕಡೆ!”

“ನಾನೆಳೀತಿಲ್ಲ ಸಾಹೇಬ್ರೇ. ಅದೇ ಬರ್ತಿದೆ.”

“ಬರ್ಬೇಡ ಅನ್ನು!”

ಹೆಣಕ್ಕೆ ಬುದ್ಧಿ ಹೇಳಿ ಒಪ್ಪಿಸುವ ವಿದ್ಯೆ ಗಳೆಯಕ್ಕನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅವಳೂ ಯಾವುದಾದರೂ ಇಲಾಖೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಸೊಂಟದಮಟ್ಟ ನೀರಿನಲ್ಲಿ ನಿಂತು ಬಿದಿರಿನ ಗಳೆಯನ್ನು ಹೆಣದ ಭುಜಕ್ಕೆ ಕೊಟ್ಟು ಮೆಲ್ಲಗೆ ಒತ್ತಿದಳು. ಗಳೆಯ ತುದಿಗೆ ಹಳೇ ಸೀರೆಯ ಚೂರು ಸುತ್ತಿದ್ದಳು, ಸತ್ತವರಿಗೆ ಚುಚ್ಚದಿರಲಿ ಅಂತ. ಬೋರಲು ಬಿದ್ದಿದ್ದ ಹೆಣ ಒಂದು ಸುತ್ತು ತಿರುಗಿ, ಏನೋ ಯೋಚನೆ ಮಾಡಿದಂತೆ ನಿಂತು, ಆಮೇಲೆ ನಡುನೀರಿನ ಕಡೆ ಹೊರಟಿತು. ಅದರ ಬೆನ್ನ ಮೇಲೆ ದೊಡ್ಡ ಅಕ್ಷರಗಳಲ್ಲಿ ‘ನದಿ ಒಂದು, ಸಂಸ್ಕೃತಿ ಒಂದು’ ಅಂತ ಅಚ್ಚಾಗಿತ್ತು.

ದಡದ ಮೇಲೆ ಇನ್ಸ್‌ಪೆಕ್ಟರು ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದರು. ಅವರ ಬೆಲ್ಟು ಹೊಟ್ಟೆಯ ಕೆಳಗೆಲ್ಲೋ ತಲೆಮರೆಸಿಕೊಂಡಿತ್ತು. ಹಾಗಾಗಿ ಊರವರು ಅವರನ್ನು ಹೊಟ್ಟೆ ಸಾಹೇಬರು ಅನ್ನುತ್ತಿದ್ದರು, ಎದುರಿಗಲ್ಲ.

“ನಾಳೆ ಎರಡೂ ಕಡೆ ಮಂತ್ರಿಗಳು ಬರ್ತಾರೆ. ಇವತ್ತೇ ಬಂದ್ನಲ್ಲ ಈ ಬೋಳಿಮಗ, ಬ್ಯಾನರ್ ಹಾಕ್ಕೊಂಡು,” ಅಂತ ಹೆಣವನ್ನು ಬೈದು ಜೀಪು ಹತ್ತಿದರು.

ನದಿಯನ್ನು ಗಡಿ ಮಾಡಿದವರು ಯಾವ ಕಾಲದವರೋ ಇಬ್ಬರು ದೊರೆಗಳು. ಹೊಡೆದಾಡಿ ಹೊಡೆದಾಡಿ ಸುಸ್ತಾಗಿ, ನಕ್ಷೆಯ ಮೇಲೆ ಹೊಸದಾಗಿ ಗೆರೆ ಎಳೆಯುವ ಉಸಾಬರಿ ಯಾಕೆ ಅಂತ ಹರಿಯುವ ನೀರನ್ನೇ ಗೆರೆ ಅಂದುಬಿಟ್ಟರು. ಬೇಲಿಯ ಖರ್ಚು ಉಳಿಯಿತು. ದೊರೆಗಳು ಹೋಗಿ ಸರ್ಕಾರಗಳು ಬಂದರೂ ಗೆರೆ ಹೋಗಲಿಲ್ಲ. ನಡುನೀರಿನಿಂದ ಈಚೆಗೆ ಈ ಪ್ರಾಂತ್ಯ, ಆಚೆಗೆ ಆ ಪ್ರಾಂತ್ಯ. ಬೇಸಿಗೆಯಲ್ಲಿ ಎರಡೂ ಕಡೆಯವರು ನೀರೆಲ್ಲ ನಮ್ಮದು ಅಂತ ಕೋರ್ಟು ಹತ್ತುತ್ತಿದ್ದರು. ಮಳೆಗಾಲದಲ್ಲಿ ಅದೇ ನೀರು ಮನೆಯೊಳಗೆ ನುಗ್ಗಿದಾಗ, ಇದು ನಿಮ್ಮದು, ನೀವೇ ಇಟ್ಟುಕೊಳ್ಳಿ ಅಂತ ಉದಾರವಾಗಿ ಬಿಟ್ಟುಕೊಡುತ್ತಿದ್ದರು. ಈ ಗೆರೆಯ ವಿಷಯವನ್ನು ಮೀನುಗಳಿಗೆ ಯಾರೂ ತಿಳಿಸಿರಲಿಲ್ಲ. ಹೆಣಗಳಿಗೂ ತಿಳಿಸಿರಲಿಲ್ಲ.

ಮೇಲಿನ ಊರುಗಳಲ್ಲಿ ಸತ್ತವರು, ಸಾಯಿಸಲ್ಪಟ್ಟವರು, ಬದುಕಿ ಸಾಕಾದವರು ಎಲ್ಲರೂ ತೇಲಿಕೊಂಡು ಇಲ್ಲಿಗೇ ಬರುತ್ತಿದ್ದರು. ಕೆಳಗೆ ಒಡ್ಡು ಕಟ್ಟಿದ ಮೇಲೆ ನದಿ ಇಲ್ಲಿ ನಿಂತುಹೋಗಿತ್ತು, ಬಂದವರು ಮುಂದೆ ಹೋಗುವಂತಿಲ್ಲ. ದಡಕ್ಕೆ ಹತ್ತಿದ ಹೆಣ ಅಂದರೆ ಠಾಣೆಗೆ ಒಂದು ಕೇಸು. ಫೋಟೋ, ಡಾಕ್ಟರು, ವಾರಸುದಾರರ ಹುಡುಕಾಟ, ಸಾಹೇಬರ ಮಧ್ಯಾಹ್ನದ ನಿದ್ದೆ ಹಾಳು. ಅದಕ್ಕೆ ಎರಡೂ ಠಾಣೆಯವರು ಒಂದೊಂದು ಗಳೆ ಕೊಟ್ಟು ಒಬ್ಬೊಬ್ಬರನ್ನು ಇಟ್ಟಿದ್ದರು. ಕಾಗದದಲ್ಲಿ ಹುದ್ದೆಯ ಹೆಸರು ನದಿ ಸ್ವಚ್ಛತಾ ಸಹಾಯಕ. ಕೆಲಸ, ಬಂದ ಹೆಣವನ್ನು ಆಚೆ ಪ್ರಾಂತ್ಯಕ್ಕೆ ದೂಡುವುದು.

ಈ ಕೆಲಸಕ್ಕೆ ಬೇರೆ ಯಾರು ಬರುತ್ತಾರೆ? ಊರಾಚೆ ಇದ್ದ ಇವರ ಕೇರಿಯವರಿಗೇ ಅದು ಮೀಸಲು. ಈ ದಡದ ಗಳೆ ಗಂಡನಿಂದ ಗಳೆಯಕ್ಕನಿಗೆ ಬಂದಿತ್ತು. ಆ ದಡದ ಗಳೆ ಅವಳ ಒಡಹುಟ್ಟಿದ ತಮ್ಮನದು. ಆ ಕಡೆಯ ಕೇರಿಯ ಹೆಣ್ಣನ್ನು ಮದುವೆಯಾಗಿ ಅಲ್ಲೇ ಮನೆಯಳಿಯನಾದವನಿಗೆ ಮಾವನ ಮನೆಯಿಂದ ಸಿಕ್ಕ ಬಳುವಳಿ ಅಂದರೆ ಅದೊಂದೇ. ಹೀಗೆ ಅಕ್ಕ ಇಲ್ಲಿಂದ ದೂಡುವುದು, ತಮ್ಮ ಅಲ್ಲಿಂದ ವಾಪಸು ದೂಡುವುದು.

“ತಮ್ಮಾ, ನಿಂಗೊಂದು ಕಳಿಸ್ತಿದೀನಿ ಕಣೋ!” ಅಂತ ಇವಳು ಕೂಗುತ್ತಿದ್ದಳು.

“ಅಕ್ಕಾ, ಏನೂ ಬೇಡ ಅಂದ್ರೂ ಕಳಿಸ್ತೀಯಲ್ಲ!” ಅಂತ ಅವನು.

ನಗುತ್ತಿದ್ದರು. ನಗದೆ ಆ ಕೆಲಸ ಮಾಡಲಾಗುತ್ತಿರಲಿಲ್ಲ. ಅವರಿಬ್ಬರ ನಡುವೆ ಎರಡು ಕಟ್ಟಳೆಗಳಿದ್ದವು. ಒಂದು, ಮುಖ ನೋಡಬಾರದು. ಮುಖ ನೋಡಿದರೆ ರಾತ್ರಿ ಅನ್ನ ಇಳಿಯುವುದಿಲ್ಲ, ಬೆಳಿಗ್ಗೆ ಗಳೆ ಏಳುವುದಿಲ್ಲ. ಇನ್ನೊಂದು, ಒಂದೇ ಹೆಣ ಹೋಗಿ, ಬಂದು, ಮೂರನೇ ಸಲ ಬಂದರೆ ಮತ್ತೆ ದೂಡಬಾರದು. ನಡುನೀರಿನಲ್ಲಿ ಒಂದು ಮರಳುತಿಟ್ಟು ಇತ್ತು. ಅದು ಯಾರ ನಕ್ಷೆಯಲ್ಲೂ ಇರಲಿಲ್ಲ. ಅಕ್ಕ ತಮ್ಮ ಇಬ್ಬರೂ ತೆಪ್ಪದಲ್ಲಿ ಅಲ್ಲಿಗೆ ಹೋಗಿ, ಜೊಂಡಿನ ಮರೆಯಲ್ಲಿ ಮರಳು ತೋಡಿ, ಹಾಡಿ, ಹುಗಿದು ಬರುತ್ತಿದ್ದರು. ಎರಡು ಸರ್ಕಾರಗಳಿಗೆ ಬೇಡವಾದವರ ಊರೇ ಆ ಮರಳಿನ ಕೆಳಗೆ ಮಲಗಿತ್ತು.

ಈಗ ಅದೇ ತಿಟ್ಟಿನ ಪಕ್ಕದಲ್ಲಿ ಉತ್ಸವ. ಎರಡು ಪ್ರಾಂತ್ಯಗಳಿಗೂ ಇದ್ದಕ್ಕಿದ್ದಂತೆ ತಾವು ಅಣ್ಣತಮ್ಮಂದಿರು ಅನ್ನುವುದು ನೆನಪಾಗಿತ್ತು. ಆ ಕಡೆ ಈ ಕಡೆ ದೋಣಿಗಳನ್ನು ತರಿಸಿ, ಸಾಲಾಗಿ ಜೋಡಿಸಿ, ಮೇಲೆ ಹಲಗೆ ಹೊಡೆದು ತೇಲುವ ವೇದಿಕೆ ಕಟ್ಟಿದ್ದರು. ವೇದಿಕೆಯ ನಟ್ಟನಡುವೆ ಬಿಳಿ ಗೆರೆ, ಅದರ ಆಚೆ ಈಚೆ ಸಮ ಸಮ ಕುರ್ಚಿ. ಕೆಲಸದವರ ಅಂಗಿಯ ಬಣ್ಣಕ್ಕಾಗಿ ಮೂರು ಸಭೆ ನಡೆದು, ಕಡೆಗೆ ಈ ಕಡೆಯವರಿಗೆ ಹಳದಿ, ಆ ಕಡೆಯವರಿಗೆ ಹಸಿರು ಅಂತ ರಾಜಿಯಾಯಿತು. ವೇದಿಕೆ ತೇಲಬೇಕಲ್ಲ? ಬೇಸಿಗೆ ಪೂರ್ತಿ ಒಂದು ಬಿಂದಿಗೆ ನೀರಿಗಾಗಿ ಕೋರ್ಟಿನಲ್ಲಿ ಕಚ್ಚಾಡಿದವರು, ಮಂತ್ರಿಗಳ ಫೋಟೋದಲ್ಲಿ ನದಿ ತುಂಬಿದಂತೆ ಕಾಣಲಿ ಅಂತ ಮೇಲಿನ ಅಣೆಕಟ್ಟಿನ ಬಾಗಿಲು ತೆಗೆಸಿ ನಾಲ್ಕು ದಿನದ ಹಿಂದೆ ನೀರು ಬಿಡಿಸಿದ್ದರು.

ಅದಕ್ಕೂ ಮುಂಚೆ ಸಂಸ್ಕೃತಿ ಇಲಾಖೆಯ ಅಧಿಕಾರಿಯೊಬ್ಬ ಹೆಗಲಿಗೆ ಚೀಲ ಹಾಕಿಕೊಂಡು ಗಳೆಯಕ್ಕನ ಗುಡಿಸಲಿನವರೆಗೂ ಬಂದಿದ್ದ. ಎರಡೂ ದಡದಲ್ಲಿ ಹಾಡುವ ಹಳೆಯ ಹಾಡು ಬೇಕಂತೆ.

“ನಾಚ್ಕೋಬೇಡಿ ಅಮ್ಮ, ಹಾಡಿ. ಇದು ನಮ್ಮ ನಿಮ್ಮೆಲ್ಲರ ಆಸ್ತಿ,” ಅಂತ ಫೋನು ಮುಂದೆ ಹಿಡಿದ.

ಎರಡೂ ದಡಕ್ಕೆ ಸೇರಿದ ಹಾಡು ಅಂದರೆ ಅವಳಿಗೆ ಬರುತ್ತಿದ್ದುದು ಒಂದೇ. ಹಾಡಿದಳು.

“ಮಲಗು ಮಲಗೋ ಕೂಸೇ, ಮರಳೇ ಹಾಸಿಗೆ
ನೀರೇ ಹೊದಿಕೆ ನಿಂಗೆ, ಏಳೋ ಗೊಡವೆ ಇಲ್ಲ...”

“ಆಹಾ! ಜೋಗುಳ! ಎರಡು ನಾಡಿಗೆ ಒಂದೇ ಜೋಗುಳ!” ಅಧಿಕಾರಿಯ ಕಣ್ಣು ಒದ್ದೆಯಾಯಿತು.

“ಜೋಗುಳ ಅಲ್ಲ ಸ್ವಾಮಿ, ಅದು ನಾವು ಹುಗಿಯೋವಾಗ...”

“ಅದೆಲ್ಲ ನಮ್ಗೆ ಬಿಡಿ ಅಮ್ಮ, ನಾವು ಓದಿರೋದೇ ಅದು. ಅಂದ ಹಾಗೆ ಏನು ಕೆಲ್ಸ ಮಾಡ್ತೀರಿ ನೀವು?”

“ಹೆಣ ದೂಡ್ತೀನಿ.”

ಅವನು ಫೋನನ್ನು ಅಂಗಿಗೆ ಒರೆಸಿಕೊಂಡ. ಆಮೇಲೆ ಆ ಅಂಗಿಯನ್ನು ನೋಡಿಕೊಂಡ. “ಸರಿ, ನೀನು ವೇದಿಕೆಗೆ ಬರೋದು ಬೇಡ. ನಮ್ಮ ಹುಡುಗೀರು ಹಾಡ್ತಾರೆ,” ಅಂದು ಹೋದ. ಬರುವಾಗ ನೀವು ಆಗಿದ್ದವಳು ಹೋಗುವಾಗ ನೀನು ಆಗಿದ್ದಳು. ಗಳೆಯಕ್ಕ ಅದಕ್ಕೇನೂ ಕೊರಗಲಿಲ್ಲ, ಅವಳ ಆಯಸ್ಸಿನಲ್ಲಿ ಆ ನೀವು ಬಾಳಿದ್ದೇ ಅಷ್ಟು ಹೊತ್ತು.

ಹಸಿರಂಗಿಯನ್ನು ಬೆಳಿಗ್ಗೆ ದೂಡಿದ್ದಾಯಿತಲ್ಲ, ಸಂಜೆಗೆ ಅದು ಮತ್ತೆ ಈ ದಡಕ್ಕೆ ಬಂತು. ಹೊಟ್ಟೆ ಸಾಹೇಬರು ಆ ದಡದ ಇನ್ಸ್‌ಪೆಕ್ಟರಿಗೆ ಫೋನು ಹಚ್ಚಿದರು. ಅವರು ಕನ್ನಡಕದ ಸಾಹೇಬರು, ಸಣ್ಣ ಆಳು, ಕಾನೂನು ಓದಿಕೊಂಡವರು.

“ಏನ್ರೀ ಇದು? ನಿಮ್ಮ ಹಸಿರಂಗಿ ಮತ್ತೆ ಕಳಿಸಿದೀರಲ್ಲ?”

ಫೋನಿನ ದನಿ ಎಷ್ಟು ಜೋರಾಗಿತ್ತೆಂದರೆ ನೀರಿನಲ್ಲಿದ್ದ ಗಳೆಯಕ್ಕನಿಗೂ ಕೇಳಿತು.

“ಅಂಗಿ ನಮ್ದೇ ಇರ್ಬಹುದು ಸಾರ್. ನೀರು ನಿಮ್ದಲ್ವಾ? ಹೋದ ತಿಂಗಳು ಕೋರ್ಟಲ್ಲಿ ನಿಮ್ಮೋರೇ ಹೇಳಿದಾರೆ, ಇಲ್ಲಿರೋ ನೀರೆಲ್ಲ ನಮ್ದು ಅಂತ. ನೀರು ನಿಮ್ದಾದ್ಮೇಲೆ ನೀರಲ್ಲಿ ಇರೋದೂ ನಿಮ್ದೇ.”

ಹೊಟ್ಟೆ ಸಾಹೇಬರು ಉತ್ತರ ಹೊಳೆಯದಾಗಲೆಲ್ಲ ಮಾಡುವಂತೆ ಗಳೆಯಕ್ಕನ ಕಡೆ ತಿರುಗಿದರು. “ನೋಡ್ತಾ ನಿಂತಿದೀಯಲ್ಲೇ ಲೌಡಿ, ದೂಡು!”

ಅವಳು ದೂಡಿದಳು. ಆಚೆ ದಡದಲ್ಲಿ ಗಳೆ ಹಿಡಿದಿದ್ದು ತಮ್ಮನಲ್ಲ, ಅವನ ಹೆಂಡತಿ. ಗಳೆಯಕ್ಕ ಕೂಗಿದಳು, “ಎಲ್ಲೇ ನಿನ್ ಗಂಡ? ನೀರಲ್ಲಿ ನಿನ್ನ ನಿಲ್ಸಿ ಮಲಗಿದಾನಾ ಮಹರಾಯ?”

“ಪೇಟೆಗೆ ಹೋಗಿದಾರಂತೆ ಅತ್ತಿಗೆ, ವೇದಿಕೆ ಹಗ್ಗ ತರೋಕೆ! ಠಾಣೆಯೋರು ಹೇಳಿದ್ರು! ಬರೋವರ್ಗೂ ನೀನೇ ನಿಂತ್ಕೋ ಅಂದ್ರು!”

ಹೇಳುವಾಗ ಅವಳ ದನಿ ಎಲ್ಲೋ ಸಿಕ್ಕಿಕೊಂಡಂತಿತ್ತು. ನದಿಯಗಲ ದಾಟಿ ಬಂದ ಮಾತು, ಗಾಳಿಗೆ ಹಾಗಾಗಿರಬೇಕು ಅಂದುಕೊಂಡಳು ಗಳೆಯಕ್ಕ.

ಉತ್ಸವದ ದಿನ ಬೆಳಗಾಗುವ ಹೊತ್ತಿಗೆ ಹಸಿರಂಗಿ ಮೂರನೇ ಸಲ ಬಂದು ಈ ದಡದ ಕಲ್ಲಿಗೆ ತಲೆ ಕೊಟ್ಟು ನಿಂತಿತ್ತು. ಇಬ್ಬರು ಸಾಹೇಬರೂ ಅಪರೂಪಕ್ಕೆ ಒಂದೇ ಮಾತಿಗೆ ಬಂದರು. ಹೆಣವನ್ನು ತಿಟ್ಟಿನ ಹಿಂದೆ ಜೊಂಡಿನಲ್ಲಿ ಅಡಗಿಸುವುದು, ಕಾರ್ಯಕ್ರಮ ಮುಗಿದ ಮೇಲೆ ನೋಡಿಕೊಳ್ಳುವುದು. ಎರಡು ಪ್ರಾಂತ್ಯಗಳ ನಡುವೆ ಸಭೆಯಿಲ್ಲದೆ ಆಗಿದ್ದ ಮೊದಲ ಒಪ್ಪಂದ ಇದೇ ಇರಬೇಕು. ಗಳೆಯಕ್ಕ ತೆಪ್ಪದ ಹಿಂದೆ ಹೆಣ ಕಟ್ಟಿಕೊಂಡು ತಿಟ್ಟಿಗೆ ಬಂದಳು. ಆ ಕಡೆಯಿಂದ ತಮ್ಮನ ಹೆಂಡತಿಯೂ ಬಂದಳು. ವೇದಿಕೆಯನ್ನು ಎರಡು ಹಗ್ಗಗಳಿಂದ ತಿಟ್ಟಿನ ಮೇಲಿನ ಎರಡು ಗೂಟಗಳಿಗೆ ಬಿಗಿದಿದ್ದರು, ಒಂದು ಈ ಪ್ರಾಂತ್ಯದ ಹಗ್ಗ, ಒಂದು ಆ ಪ್ರಾಂತ್ಯದ್ದು. ನೀರು ಏರಿ ಇಳಿದಂತೆ ಸಡಿಲಿಸಿ ಬಿಗಿ ಮಾಡುವುದಕ್ಕೆ ಇವರಿಬ್ಬರನ್ನು ಅಲ್ಲಿ ಕೂರಿಸಬೇಕಾಗಿತ್ತು. ಕ್ಯಾಮೆರಾಕ್ಕೆ ಕಾಣದಂತೆ ಕುಕ್ಕರುಗಾಲಿನಲ್ಲಿ ಕೂರತಕ್ಕದ್ದು ಅಂತ ಬೇರೆ ಹೇಳಿದ್ದರು.

“ಜೊಂಡಲ್ಲಿ ಅಡಗಿಸೋದೇನು ಬಂತು. ಮೂರು ಸಲ ಆಯ್ತಲ್ಲ, ನೆಲಕ್ಕೆ ಸೇರ್ಸಿಬಿಡೋಣ ಬಾ,” ಅಂದಳು ಗಳೆಯಕ್ಕ. “ನನ್ ತಮ್ಮ ಇದ್ದಿದ್ರೆ ಇಷ್ಟೊತ್ತಿಗೆ ಗುಂಡಿ ತೋಡಿರ್ತಿದ್ದ.”

ತಮ್ಮನ ಹೆಂಡತಿ ಮರಳನ್ನು ಕೈಯಲ್ಲೇ ಬಗೆಯತೊಡಗಿದಳು. ಹುಗಿಯುವಾಗಲೂ ಇವರು ಬೋರಲಾಗಿಯೇ ಇಳಿಸುತ್ತಿದ್ದರು, ಮುಖಕ್ಕೆ ಬಟ್ಟೆ ಹಾಕಿ. ಗಳೆಯಕ್ಕ ಹೆಣದ ಸೊಂಟಕ್ಕೆ ಕೈ ಹಾಕಿದಾಗ ಅಂಗಿಯೊಳಗೆ ಏನೋ ಸಿಕ್ಕಿತು. ಎಳೆದು ನೋಡಿದರೆ ದಪ್ಪ ಹಗ್ಗ. ಸೊಂಟಕ್ಕೆ ಬಿಗಿದಿತ್ತು, ಇನ್ನೊಂದು ತುದಿ ಕೊಯ್ದಿತ್ತು. ವೇದಿಕೆ ಕಟ್ಟಿದ್ದ ಹಗ್ಗವೇ ಅದು, ತಮ್ಮ ತರಲು ಹೋಗಿದ್ದಾನೆ ಅಂದಿದ್ದ ಹಗ್ಗ. ಅವಳು ಕಟ್ಟಳೆ ಗಿಟ್ಟಳೆ ಎಲ್ಲ ಮರೆತು ಹೆಣವನ್ನು ಮಗುಚಿದಳು.

ನೀರು ಮುಖವನ್ನು ಊದಿಸಿತ್ತು, ಮೀನು ಅಲ್ಲಲ್ಲಿ ತಿಂದಿತ್ತು. ಆದರೆ ಗಲ್ಲದ ಮೇಲೆ ಹಳೆಯ ಗಾಯದ ಗುರುತು ಹಾಗೇ ಇತ್ತು. ಚಿಕ್ಕಂದಿನಲ್ಲಿ ಜಗಳಾಡಿ ಅವಳೇ ಕಲ್ಲು ಬೀಸಿ ಮಾಡಿದ್ದ ಗಾಯ ಅದು.

ಗಳೆಯಕ್ಕನ ಕೈ ತಾನಾಗಿ ಎದ್ದು ಅವನ ಭುಜವನ್ನು ಸವರಿತು. ಎರಡು ಸಲ ಗಳೆ ಕೊಟ್ಟು ಒತ್ತಿದ್ದ ಭುಜ.

“ದೂಡಿದ್ನಲ್ಲೇ... ನನ್ ತಮ್ಮನ್ನ ನಾನೇ ದೂಡಿದ್ನಲ್ಲೇ...”

“ನಾನೂ ದೂಡಿದೆ ಅತ್ತಿಗೆ.” ತಮ್ಮನ ಹೆಂಡತಿ ಗುಂಡಿಯ ಪಕ್ಕ ಕುಳಿತೇ ಇದ್ದಳು. “ಬೆನ್ನು ನೋಡಿದಾಗ್ಲೇ ಎದೆ ಧಸಕ್ ಅಂತು. ಮುಖ ನೋಡಿಬಿಟ್ರೆ ಅವ್ರೇ ಆಗಿಬಿಡ್ತಾರೆ ಅನ್ನಿಸ್ತು. ನೋಡ್ದೇ ಇದ್ರೆ ಪೇಟೆಯಿಂದ ಬರ್ತಾರಲ್ಲ, ಅದಕ್ಕೆ ನೋಡ್ಲಿಲ್ಲ. ಕಣ್ಮುಚ್ಕೊಂಡು ದೂಡಿದೆ.”

ಅಕ್ಕ ಮತ್ತು ಹೆಂಡತಿ ಸೇರಿ ಒಬ್ಬನನ್ನು ಒಂದು ಪ್ರಾಂತ್ಯದಿಂದ ಇನ್ನೊಂದಕ್ಕೆ ಆಟದ ಚೆಂಡಿನ ಹಾಗೆ ಆಡಿಸಿದ್ದರು. ಆಡಿಸಿದ ಅವರಿಬ್ಬರಿಗೆ ಅವನಿಗಿಂತ ಹತ್ತಿರದವರು ಭೂಮಿ ಮೇಲೆ ಇರಲಿಲ್ಲ.

ಅಷ್ಟರಲ್ಲಿ ಇಬ್ಬರು ಸಾಹೇಬರೂ ಭದ್ರತೆ ಪರೀಕ್ಷಿಸಲು ತಿಟ್ಟಿಗೆ ಬಂದಿಳಿದರು. ಜೊಂಡಿನ ಮರೆಯಲ್ಲಿ ಅಂಗಾತ ಮಲಗಿದ್ದ ಹೆಣವನ್ನು ಕಂಡು ಹೊಟ್ಟೆ ಸಾಹೇಬರ ಕರವಸ್ತ್ರ ಮೇಲೇರಿತು. ಕನ್ನಡಕದ ಸಾಹೇಬರು ಹೆಣವನ್ನು ನೋಡಲೇ ಇಲ್ಲ. ಅದು ಯಾರೆಂದು ಕೇಳಲೂ ಇಲ್ಲ. ಗಳೆಯಕ್ಕನಿಗೆ ಅಲ್ಲೇ ಗೊತ್ತಾಗಿಹೋಯಿತು.

“ನಿಮಗೆ ಮೊದ್ಲೇ ಗೊತ್ತಿತ್ತು,” ಅಂದಳು.

“ಏನು ಗೊತ್ತಿತ್ತು? ನೀರು ಬಿಟ್ಟಾಗ ದೋಣಿ ಕೆಳಗೆ ಹಗ್ಗ ಸಿಕ್ಕೊಂಡಿತ್ತು, ಅವನ ಸೊಂಟಕ್ಕೂ ವೇದಿಕೆಗೂ ಹಗ್ಗ ಬಿಗಿದು, ಇಳಿದು ಬಿಡಿಸು ಅಂದೆ. ಇಳಿದ. ಮೇಲೆ ಬರ್ಲಿಲ್ಲ. ಅದಕ್ಕೆ ನಾನೇನು ಮಾಡ್ಲಿ? ಕೆಳಗೆ ಹೋಗಿ ಕಾಲು ಹಿಡ್ಕೊಂಡಿದ್ನಾ?”

“ಆಗ ನೀರು ರಭಸವಾಗಿ ಬರ್ತಿತ್ತು, ನಾಯೀನೂ ಇಳೀತಿರ್ಲಿಲ್ಲ!” ತಮ್ಮನ ಹೆಂಡತಿ ಎದ್ದು ನಿಂತಳು. “ಅವ್ರ ಸೊಂಟದ ಹಗ್ಗ ಕೊಯ್ದಿದ್ಯಾರು?”

“ಹಗ್ಗ ಎಳೀತಿತ್ತು, ವೇದಿಕೆ ವಾಲ್ತಿತ್ತು. ವೇದಿಕೆಗೆ ಎಷ್ಟು ಖರ್ಚಾಗಿದೆ ಗೊತ್ತಾ ನಿಂಗೆ?”

ಹೊಟ್ಟೆ ಸಾಹೇಬರು ಕೂಡ ಬೂಟು ನೋಡಿಕೊಂಡರು.

“ಬರ್ಕೊಳ್ಳಿ,” ಅಂದಳು ತಮ್ಮನ ಹೆಂಡತಿ. “ನೀವು ಇಳ್ಸಿದ್ರಿ, ನೀವು ಹಗ್ಗ ಕೊಯ್ಸಿದ್ರಿ, ಅದಕ್ಕೆ ಸತ್ರು ಅಂತ ಠಾಣೇಲಿ ಬರ್ಕೊಳ್ಳಿ. ಬರ್ಕೊಂಡ್ರೆ ಸಾಕು, ಹೊತ್ಕೊಂಡು ಹೋಗಿ ಮಣ್ಣು ಮಾಡ್ತೀವಿ.”

“ನಮ್ಮ ಠಾಣೆಗೆ ಬರಲ್ಲ. ಹೆಣ ಸಿಕ್ಕಿದ್ದು ಆ ದಡದ ನೀರಲ್ಲಿ.”

“ನಮ್ಮ ಠಾಣೆಗೂ ಬರಲ್ಲ ಮಾರಾಯ್ರೆ. ಆಳು ನಿಮ್ಮೋನು, ಅಂಗಿ ನಿಮ್ದು,” ಅಂದರು ಹೊಟ್ಟೆ ಸಾಹೇಬರು ಗಾಬರಿಯಿಂದ.

“ಹಾಗಾದ್ರೆ ಎಲ್ಲಿ ಸತ್ತ ನನ್ ತಮ್ಮ?” ಗಳೆಯಕ್ಕ ಕೇಳಿದಳು.

ಕನ್ನಡಕದ ಸಾಹೇಬರು ಗಡಿಯಾರ ನೋಡಿಕೊಂಡರು. “ಕೇಳಿ ಇಬ್ರೂ. ಕಾರ್ಯಕ್ರಮ ಮುಗಿಯೋವರ್ಗೂ ಇಲ್ಲಿ ಯಾರೂ ಸತ್ತಿಲ್ಲ. ಮಧ್ಯಾಹ್ನದ ಮೇಲೆ ಎಲ್ಲಿ ಸತ್ತ ಅಂತ ಯೋಚ್ನೆ ಮಾಡೋಣ. ಅಲ್ಲಿವರ್ಗೂ ಕಮಕ್ ಕಿಮಕ್ ಅಂದ್ರೆ ನಿಮ್ಮ ಕೇರಿಯ ಒಂದು ಗುಡಿಸಲೂ ಇರಲ್ಲ. ಎರಡೂ ದಡದಲ್ಲಿ.”

“ಅದ್ರಲ್ಲಿ ನಾವಿಬ್ರೂ ಒಂದೇ,” ಅಂತ ಹೊಟ್ಟೆ ಸಾಹೇಬರು ಸೇರಿಸಿದರು.

ಸಾಹೇಬರು ತಂತಮ್ಮ ದಡಕ್ಕೆ ಹೋದರು. ಗಣ್ಯರು ಮೋಟಾರು ದೋಣಿಗಳಲ್ಲಿ ಬಂದು ವೇದಿಕೆ ಹತ್ತಿದರು. ಒಬ್ಬ ಮಂತ್ರಿಗೆ ಹಳದಿ ಶಾಲು, ಇನ್ನೊಬ್ಬರಿಗೆ ಹಸಿರು ಶಾಲು. ಫೋಟೋಕ್ಕೆ ಅಡ್ಡ ಬರಬಾರದೆಂದು ದೋಣಿಗಳನ್ನು ದಡಕ್ಕೆ ವಾಪಸು ಕಳಿಸಿದರು. ಎರಡೂ ದಡದಲ್ಲಿ ಜನ, ಪೊಲೀಸು, ಮೈಕಿನ ದನಿ. ತಿಟ್ಟಿನ ಮೇಲೆ ಕುಕ್ಕರುಗಾಲಿನಲ್ಲಿ ಇಬ್ಬರು ಹೆಂಗಸರು, ಅವರ ಹಿಂದೆ ಜೊಂಡಿನಲ್ಲಿ ಇನ್ನೂ ಸಾಯದ ಒಬ್ಬ ಗಂಡಸು.

ಮೊದಲಿಗೆ ಇತಿಹಾಸದ ಪ್ರೊಫೆಸರು ಎದ್ದರು. ನದಿಯೇ ನಮ್ಮ ತಾಯಿ, ಒಬ್ಬಳೇ ತಾಯಿಯ ಎರಡು ತೊಡೆಗಳ ಮೇಲೆ ಎರಡು ನಾಡುಗಳು ಬೆಳೆದವು ಅಂದರು. ಗಡಿ ಅನ್ನುವುದು ನಕ್ಷೆಯಲ್ಲಿದೆಯೇ ಹೊರತು ನೀರಿನಲ್ಲಿಲ್ಲ ಅಂದರು. ಈ ನೀರಿನ ಮೇಲೆ ಬಂದದ್ದನ್ನೆಲ್ಲ ಎರಡೂ ದಡದವರು ಎರಡೂ ಕೈ ಚಾಚಿ ಬರಮಾಡಿಕೊಂಡರು ಅಂತ ಹೇಳುವಾಗ ತಾವೇ ಎರಡೂ ಕೈ ಚಾಚಿ ತೋರಿಸಿದರು. ಚಪ್ಪಾಳೆ ಜೋರಾಗಿ ಬಿತ್ತು.

ಆಮೇಲೆ ನೀಲಿ ಲಂಗದ ಹುಡುಗಿಯರು ಬಂದರು, ತೊಟ್ಟಿಲು ತೂಗುವವರಂತೆ ಕೈ ಆಡಿಸುತ್ತ, ನಗುತ್ತ ಹಾಡಿದರು.

“ಮಲಗು ಮಲಗೋ ಕೂಸೇ, ಮರಳೇ ಹಾಸಿಗೆ...”

ಮಂತ್ರಿಗಳು ತಲೆದೂಗಿದರು. ತಮ್ಮನ ಹೆಂಡತಿ ಎರಡೂ ಕಿವಿ ಮುಚ್ಚಿಕೊಂಡಳು. ಗಳೆಯಕ್ಕನಿಗೆ ಅದುವರೆಗೂ ಬಾರದ ಅಳು ಆಗ ಬಂತು. ಇಡೀ ಜನ್ಮ ಹೇಳಿದ ಕಡೆ ದೂಡಿದ್ದಳು. ಗಂಡನ ಗಳೆ, ಸರ್ಕಾರದ ಅಪ್ಪಣೆ. ತಾನಾಗಿ ಯಾವತ್ತೂ ಏನನ್ನೂ ದೂಡಿರಲಿಲ್ಲ.

“ಏಳೇ ತಾಯಿ,” ಅಂದಳು. “ನಿನ್ನ ಹಗ್ಗ ಬಿಚ್ಚು.”

ತಮ್ಮನ ಹೆಂಡತಿ ಕಿವಿಯಿಂದ ಕೈ ತೆಗೆದು ತನ್ನ ಗೂಟದ ಕಡೆ ಹೋದಳು. ನೀರಿಗೆ ನೆನೆದ ಗಂಟು ಬಿಚ್ಚುವುದು ಕಷ್ಟ. ಒಬ್ಬಳು ಹಲ್ಲು ಹಚ್ಚಿದಳು, ಒಬ್ಬಳು ಗೂಟವನ್ನೇ ಅಲ್ಲಾಡಿಸಿ ಕಿತ್ತಳು. ಆಮೇಲೆ ಇಬ್ಬರೂ ಗಳೆಗಳನ್ನು ವೇದಿಕೆಯ ಅಂಚಿಗೆ ಕೊಟ್ಟು ಒಟ್ಟಿಗೆ ಒತ್ತಿದರು. ಅಷ್ಟು ವರ್ಷ ಎದುರುಬದುರು ಒತ್ತಿದ ಗಳೆಗಳು ಅವು.

ವೇದಿಕೆ ಮೊದಲು ಒಪ್ಪಲಿಲ್ಲ. ಆಮೇಲೆ ಒಂದು ಸುತ್ತು ತಿರುಗಿ, ಹಳದಿ ಶಾಲನ್ನು ಆ ಪ್ರಾಂತ್ಯದ ಕಡೆಗೂ ಹಸಿರು ಶಾಲನ್ನು ಈ ಪ್ರಾಂತ್ಯದ ಕಡೆಗೂ ಮಾಡಿಕೊಂಡು, ಒಡ್ಡಿನ ದಿಕ್ಕಿಗೆ ನಿಧಾನವಾಗಿ ಹೊರಟಿತು. ಹುಡುಗಿಯರ ಹಾಡು ನಿಂತಿತು. ಪ್ರೊಫೆಸರು ಮೈಕಿನ ಕಂಬವನ್ನು ಅಪ್ಪಿಕೊಂಡರು.

“ಹಿಡಿಯೇ! ಹಗ್ಗ ಹಿಡಿಯೇ ಬೋಳಿ!” ಹೊಟ್ಟೆ ಸಾಹೇಬರು ಈ ದಡದಿಂದ ಕಿರುಚಿದರು.

ಗಳೆಯಕ್ಕ ಎದ್ದು ನಿಂತಳು. ಕ್ಯಾಮೆರಾಕ್ಕೆ ಚೆನ್ನಾಗಿ ಕಂಡಳು. “ಹೆಂಗೆ ಹಿಡೀಲಿ ಸಾಹೇಬ್ರೇ? ಒಬ್ರು ಹಸಿರು ಹೊದ್ದವ್ರೆ! ಆ ಕಡೆಯವ್ರ ಕೇಸು!”

ಈ ದಡದ ಪೊಲೀಸು ದೋಣಿ ಭರ್ರೆಂದು ಹೊರಟು ನಡುನೀರಿಗೆ ಬಂದು ಗಕ್ಕನೆ ನಿಂತಿತು. ಅಪ್ಪಣೆಯಿಲ್ಲದೆ ಆ ಪ್ರಾಂತ್ಯದ ನೀರಿಗೆ ಹೋಗುವಂತಿಲ್ಲ. ಆ ದಡದ ದೋಣಿಯೂ ಬಂದು ಅದರ ಎದುರಿಗೇ ನಿಂತಿತು. ಎರಡು ದೋಣಿಯವರೂ ಮೇಲಿನವರಿಗೆ ಫೋನು ಹಚ್ಚಿದರು. ವೇದಿಕೆ ಅವರಿಬ್ಬರ ನಡುವೆಯೇ ತೇಲಿಕೊಂಡು ಹೋಗುತ್ತಿತ್ತು, ಅದರ ಮೇಲೆ ಇಬ್ಬರು ಮಂತ್ರಿಗಳು ಯಾರ ತಪ್ಪು ಇದು ಅಂತ ಬಿಳಿ ಗೆರೆಯ ಆಚೀಚೆ ನಿಂತು ಜಗಳ ಶುರುಮಾಡಿದ್ದರು. ಒಡ್ಡಿನ ಹಿಂದೆ ಕೆಸರಿತ್ತು, ಯಾರೂ ಸಾಯುವ ಹಾಗಿರಲಿಲ್ಲ. ಅಂಥ ಪುಣ್ಯ ದೊಡ್ಡವರಿಗೆ ಯಾವಾಗಲೂ ಇರುತ್ತದೆ.

ಹೆಂಗಸರು ಆ ಕಡೆ ನೋಡಲಿಲ್ಲ. ಅವನನ್ನು ತೆಪ್ಪಕ್ಕೆ ಎತ್ತಿ, ಅಂಗಾತ ಮಲಗಿಸಿ, ಹಸಿರಂಗಿಯನ್ನು ಬಿಚ್ಚಿ ನೀರಿಗೆಸೆದು, ಆ ದಡಕ್ಕೆ ಗಳೆ ಹಾಕಿದರು. ಅಲ್ಲಿ ಗಣ್ಯರು ಊಟಕ್ಕೆ ಇಳಿಯುವ ಕಡೆ ಕೆಂಪು ರತ್ನಗಂಬಳಿ ಹಾಸಿತ್ತು. ಬ್ಯಾಂಡಿನವರು ಬಿಸಿಲಿಗೆ ಬೆಂದು ನಿಂತಿದ್ದರು. ನೀರಿನ ಕಡೆಯಿಂದ ಯಾರಾದರೂ ಬಂದು ಇಳಿದ ಕೂಡಲೇ ಬಾರಿಸಿ ಅಂತ ಅವರಿಗೆ ಅಪ್ಪಣೆ. ತೆಪ್ಪ ದಡ ಮುಟ್ಟಿದ್ದೇ ತಡ, ಕಣ್ಣು ಮುಚ್ಚಿಕೊಂಡು ಬಾರಿಸಿದರು.

ಕನ್ನಡಕದ ಸಾಹೇಬರು ಓಡಿ ಬಂದರು. ಗಾಬರಿಯಲ್ಲಿ ಬಾಯಿಗೆ ಬಂದದ್ದು ದಿನದ ಅಭ್ಯಾಸದ ಮಾತು. “ನಿಲ್ಸ್ರೋ! ದೂಡ್ರೋ ಅದನ್ನ! ಎಲ್ಲಿ ಸತ್ತ ಆ ಗಳೆಯೋನು, ಕರೀರೋ ಅವನ್ನ!”

“ಇಲ್ಲೇ ಮಲಗಿದಾರೆ ಸಾಹೇಬ್ರೇ,” ಅಂದಳು ತಮ್ಮನ ಹೆಂಡತಿ. “ಎಬ್ಬಿಸ್ಕೊಳ್ಳಿ.”

ಸಾಹೇಬರ ಫೋನು ಹೊಡೆದುಕೊಳ್ಳತೊಡಗಿತು. ಮೇಲಿನವರದು. ಅವರು ಒಮ್ಮೆ ನೀರಿನಲ್ಲಿ ಹೋಗುತ್ತಿದ್ದ ಮಂತ್ರಿಯನ್ನು ನೋಡಿದರು, ಒಮ್ಮೆ ಹೆಣವನ್ನು ನೋಡಿದರು. ಕಡೆಗೆ ಮಂತ್ರಿಯ ಕಡೆಗೇ ಓಡಿದರು, ಎಷ್ಟಾದರೂ ನೌಕರಿ.

ಗಳೆಯಕ್ಕ ತಲೆಯ ಕಡೆ ಹಿಡಿದಳು, ತಮ್ಮನ ಹೆಂಡತಿ ಕಾಲಿನ ಕಡೆ. ರತ್ನಗಂಬಳಿಯ ಮೇಲೆ ನೀರು ಸುರಿಸುತ್ತ ಮೇಲೆ ಹತ್ತಿದರು. ನಿಂತಿದ್ದ ಜನ ಅವರಿಗೆ ದಾರಿ ಬಿಟ್ಟರು. ಕೇರಿಯ ಕಡೆ ಬಲಕ್ಕೆ ಹೊರಳಬೇಕಿತ್ತು. ಅವರು ಎಡಕ್ಕೆ ಹೊರಳಿದರು.

ಠಾಣೆಯಲ್ಲಿ ಒಬ್ಬ ಪೇದೆ ಮಾತ್ರ ಉಳಿದಿದ್ದ. ಕಿಟಕಿಯಿಂದ ಇವರನ್ನು ಕಂಡು ಬಾಗಿಲು ಹಾಕಲು ಓಡಿ ಬಂದ.

“ಇಲ್ಲಿ ಬೇಡಮ್ಮಾ! ಸಾಹೇಬ್ರಿಲ್ಲ! ಆ ದಡದ ಠಾಣೆಗೆ ತಗೊಂಡೋಗಿ!”

“ಬರ್ಕೋ,” ಅಂದಳು ತಮ್ಮನ ಹೆಂಡತಿ.

“ನನ್ ಕೈಲಿ ಏನಿದೆ ತಾಯಿ? ನನ್ ಕೆಲಸ ಹೋಗುತ್ತೆ!”

ಅವನು ಬಾಗಿಲನ್ನು ಎಳೆದ. ಅದು ಅರ್ಧಕ್ಕೆ ನಿಂತಿತು. ಮತ್ತೆ ಎಳೆದ, ಆಮೇಲೆ ಕೆಳಗೆ ನೋಡಿದ. ಗಳೆಯಕ್ಕ ತಮ್ಮನ ತಲೆಯನ್ನು ಹೊಸ್ತಿಲ ಮೇಲೆ ಇಳಿಸಿ, ಪಕ್ಕದಲ್ಲೇ ಕಾಲು ಚಾಚಿ ಕುಳಿತಿದ್ದಳು.